ಡಬ್ಬಿ ತುಂಬುತ್ತೆ, ದಾರಿ ಮುಗಿಯಲ್ಲ

ದಾವಣಗೆರೆ ಪಿ.ಬಿ. ರಸ್ತೆಯ ಬಸ್ ನಿಲ್ದಾಣದಲ್ಲಿ ಹರಿಹರದ ಬಸ್ಸಿಗೆ ಕಾಯುವವರಿಗೆ ಈ ನೋಟ ಹೊಸದಲ್ಲ. ಬಸ್ಸು ಇನ್ನೇನು ಹೊರಡಬೇಕು, ಡ್ರೈವರ್ ಬಂದು ಸೀಟಿನಲ್ಲಿ ಕೂತಾಗಿದೆ, ಅಷ್ಟರಲ್ಲಿ ಒಬ್ಬ ಹತ್ತುತ್ತಾನೆ. ಕೈಯಲ್ಲೊಂದು ಡಬ್ಬಿ. ಡಬ್ಬಿಗೆ ಅಂಟಿಸಿದ ಫೋಟೋದಲ್ಲಿ ತಲೆಗೂದಲು ಉದುರಿದ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡ ಮಗು. ಕೊರಳಿಗೆ ಪ್ಲಾಸ್ಟಿಕ್ ಕವರಿನಲ್ಲಿ ನೇತುಹಾಕಿಕೊಂಡ ಆಸ್ಪತ್ರೆಯ ಕಾಗದ, ಅದರ ಮೇಲೆ ನೀಲಿ ಸೀಲು. ಈಚೆಗೆ ಸೀಲಿನ ಪಕ್ಕದಲ್ಲೇ ಫೋನಿನಿಂದ ದುಡ್ಡು ಹಾಕುವ ಕ್ಯೂಆರ್ ಕೋಡೂ ಬಂದಿದೆ.

"ಅಣ್ಣಾರೆ, ಅಕ್ಕಾರೆ, ಮಗೀಗೆ ರಕ್ತದ ಕ್ಯಾನ್ಸರ್ ಐತ್ರಿ. ನಿಮ್ ಕೈಲಾದಷ್ಟು ಹಾಕ್ರಿ..."

ಕಿಟಕಿ ಪಕ್ಕದವನು ಕಿಟಕಿ ಆಚೆ ನೋಡುತ್ತಾನೆ. ಹೂವಿನ ಬುಟ್ಟಿ ಮಡಿಲಲ್ಲಿ ಇಟ್ಟುಕೊಂಡ ಹೆಂಗಸು ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಹಾಕುತ್ತಾಳೆ. ಹಿಂದಿನ ಸೀಟಿನಿಂದ ಒಂದು ಗೊಣಗು: "ನಿಜಾನೋ ಸುಳ್ಳೋ ಯಾರಿಗ್ಗೊತ್ತು?" ಕಂಡಕ್ಟರ್ ಸೀಟಿ ಊದುತ್ತಾನೆ. ಡಬ್ಬಿಯವನು ಇಳಿದು ಮುಂದಿನ ಬಸ್ಸಿಗೆ ನಡೆಯುತ್ತಾನೆ. ಆಮೇಲೆ ಅವನ ಸರದಿ ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆಯ ಅಂಗಡಿಗಳದ್ದು. ಗಲ್ಲೆಯ ಮೇಲೆ ಕೂತ ಯಜಮಾನರು ಕಾಗದವನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡುತ್ತಾರೆ. ಕೊಟ್ಟರೂ ಅನುಮಾನ, ಕೊಡದಿದ್ದರೂ ಸಂಕಟ.

ಡಬ್ಬಿ ಹಿಡಿದವರಲ್ಲಿ ಮೋಸಗಾರರು ಇಲ್ಲವೆಂದಲ್ಲ. ಯಾರದೋ ಮಗುವಿನ ಫೋಟೋ ಹಿಡಿದು ತಿರುಗುವವರೂ ಇದ್ದಾರೆ. ಆದರೆ ಅಂಥವರ ಲೆಕ್ಕ ಬೇರೆ. ಇಲ್ಲಿ ಹೇಳಬೇಕಾದ್ದು ನಿಜವಾದ ತಂದೆಯ, ನಿಜವಾದ ತಾಯಿಯ ಮಾತು. ಅವರ ಡಬ್ಬಿಗೆ ಬಿದ್ದ ದುಡ್ಡು ಎಲ್ಲಿಗೆ ಹೋಗುತ್ತೆ, ಎಷ್ಟು ದಿನ ಬರುತ್ತೆ, ಎಲ್ಲಿಗೆ ಬಂದು ನಿಲ್ಲುತ್ತೆ ಎಂಬ ಮಾತು.

ಮೂರು ವರ್ಷದ ಕಾಯಿಲೆ

ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಲ್ಯುಕೇಮಿಯ. ಜನ ಅದನ್ನು ರಕ್ತದ ಕ್ಯಾನ್ಸರ್ ಅಂತಾರೆ. ಎಲುಬಿನೊಳಗಿನ ಮಜ್ಜೆ ರಕ್ತ ತಯಾರಾಗುವ ಜಾಗ. ಅಲ್ಲಿ ಬಲಿಯದ ಬಿಳಿಕಣಗಳು ಹದ್ದು ಮೀರಿ ಹುಟ್ಟಿಕೊಂಡು ಒಳ್ಳೆಯ ಕಣಗಳಿಗೆ ಜಾಗವೇ ಇಲ್ಲದಂತೆ ಮಾಡುತ್ತವೆ. ಕೆಂಪುಕಣ ಕಮ್ಮಿಯಾಗಿ ಮಗು ಬಿಳಿಚಿಕೊಳ್ಳುತ್ತೆ. ರಕ್ತ ಹೆಪ್ಪುಗಟ್ಟಿಸುವ ಕಣ ಕಮ್ಮಿಯಾಗಿ ಮೈಮೇಲೆ ಸುಮ್ಮಸುಮ್ಮನೆ ನೀಲಿ ಕಲೆ ಬೀಳುತ್ತೆ, ಒಸಡಲ್ಲಿ ರಕ್ತ ಬರುತ್ತೆ. ಜ್ವರ ಬಿಟ್ಟು ಬಿಟ್ಟು ಬರುತ್ತೆ. "ಕಾಲು ನೋಯ್ತದೆ" ಅಂತ ಮಗು ರಾತ್ರಿ ಅಳುತ್ತೆ. ಬೆಳೆಯೋ ಮಗು, ನೋವು ಇದ್ದದ್ದೇ ಅಂತ ಅಜ್ಜಿ ಎಣ್ಣೆ ತಿಕ್ಕುತ್ತಾಳೆ. ಅದರಲ್ಲೇ ಒಂದು ತಿಂಗಳು ಕಳೆದುಹೋಗುತ್ತೆ.

ಇದು ಅಂಟುರೋಗವಲ್ಲ. ಯಾರ ಪಾಪದ ಫಲವೂ ಅಲ್ಲ. ಇದನ್ನು ಇನ್ನೂ ಹೇಳಬೇಕಾಗಿದೆ. ಡಬ್ಬಿಗೆ ದುಡ್ಡು ಹಾಕುವ ಎಷ್ಟೋ ಕೈಗಳು ಆ ಮಗುವಿನ ಪಕ್ಕ ತಮ್ಮ ಮಗುವನ್ನು ಕೂರಿಸಲು ಹಿಂದೆಮುಂದೆ ನೋಡುತ್ತವೆ.

ಚಿಕಿತ್ಸೆಗೆ ಮೂರು ಘಟ್ಟ. ಮೊದಲ ಘಟ್ಟ ಸುಮಾರು ಒಂದು ತಿಂಗಳದ್ದು, ಬಹುಮಟ್ಟಿಗೆ ಆಸ್ಪತ್ರೆಯಲ್ಲೇ. ಬಲವಾದ ಇಂಜೆಕ್ಷನ್ನು, ಬೆನ್ನುಹುರಿಗೆ ಸೂಜಿ, ರಕ್ತ ಏರಿಸುವುದು. ಎರಡನೆಯದು ಕೆಲವು ತಿಂಗಳದ್ದು, ಒಳಗೆ ಹೋಗುವುದು ಹೊರಗೆ ಬರುವುದು. ಮೂರನೆಯದೇ ಎಲ್ಲಕ್ಕೂ ಉದ್ದ. ಮನೆಯಲ್ಲೇ ದಿನವೂ ಗುಳಿಗೆ, ಆಗಾಗ್ಗೆ ರಕ್ತಪರೀಕ್ಷೆ, ಗೊತ್ತಾದ ದಿನಕ್ಕೆ ಆಸ್ಪತ್ರೆಗೆ ಹಾಜರಿ. ಒಟ್ಟು ಸೇರಿಸಿದರೆ ಎರಡರಿಂದ ಮೂರು ವರ್ಷ.

ಅಪಾಯ ಇರುವುದು ಮೊದಲ ತಿಂಗಳಲ್ಲಿ ಅಂತ ಜನ ತಿಳಿದಿದ್ದಾರೆ. ಅಲ್ಲಿ ಇದೆ, ಸುಳ್ಳಲ್ಲ. ಆದರೆ ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತೆ. ಮೊದಲ ಘಟ್ಟ ಮುಗಿದಾಗ ಸಾಮಾನ್ಯವಾಗಿ ಪರೀಕ್ಷೆಯಲ್ಲಿ ಕೆಟ್ಟ ಕಣ ಕಾಣುವುದಿಲ್ಲ. ಮಗು ಊಟ ಮಾಡುತ್ತೆ, ಆಡುತ್ತೆ, ಸ್ವಲ್ಪ ದಿನಕ್ಕೆ ತಲೆಯಲ್ಲಿ ಕೂದಲೂ ಚಿಗುರುತ್ತೆ. "ದೇವ್ರು ದೊಡ್ಡೋನು, ಆರಾಮಾಯ್ತು" ಅನ್ನುತ್ತಾರೆ. ಅತ್ತ ಹೊಲದಲ್ಲಿ ಮೆಕ್ಕೆಜೋಳ ಒಣಗುತ್ತಿದೆ, ಕೂಲಿ ತಪ್ಪಿದೆ, ಮನೆಯಲ್ಲಿ ಬಿಟ್ಟುಬಂದ ಇನ್ನೆರಡು ಮಕ್ಕಳು ಅಕ್ಕಪಕ್ಕದವರ ಅನ್ನ ತಿನ್ನುತ್ತಿವೆ. ಮುಂದಿನ ತಾರೀಕಿಗೆ ಬೆಂಗಳೂರಿಗೆ ಹೋಗುವುದು ಒಂದು ವಾರ ತಡವಾಗುತ್ತೆ. ಆಮೇಲೆ ಒಂದು ತಿಂಗಳು. ಆಮೇಲೆ ಹೋಗುವುದೇ ನಿಲ್ಲುತ್ತೆ. ಮಜ್ಜೆಯ ಮೂಲೆಯಲ್ಲಿ ಅಡಗಿದ ನಾಲ್ಕು ಕೆಟ್ಟ ಕಣಗಳಿಗೆ ಅಷ್ಟೇ ಸಾಕು. ತಿರುಗಿ ಬಂದ ಕಾಯಿಲೆ ಮೊದಲಿನಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಮಿಕ್ಕಿ ವಾಸಿಯಾಗುತ್ತಾರೆ, ಬಡ ದೇಶಗಳಲ್ಲಿ 30 ಕೂಡ ದಾಟದ ಕಡೆಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. 2030ರೊಳಗೆ ಎಲ್ಲ ಕಡೆಯೂ ಕನಿಷ್ಠ 60 ಆಗಬೇಕು ಎಂದು 2018ರಲ್ಲಿ ಅದು ಗುರಿ ಇಟ್ಟಿತು. ಈ ಅಂತರಕ್ಕೆ ಕೊಡುವ ಕಾರಣಗಳಲ್ಲಿ ಒಂದು, ಚಿಕಿತ್ಸೆಯನ್ನು ನಡುವೆ ಬಿಡುವುದು. ಔಷಧ ಅದೇ. ಮುಗಿಸುವ ಶಕ್ತಿ ಇರುವುದಿಲ್ಲ, ಅಷ್ಟೇ.

ದುಡ್ಡು ಎಲ್ಲಿಗೆ ಹೋಗುತ್ತೆ?

ಅಂಗಡಿಯವರ ಪ್ರಶ್ನೆ ನ್ಯಾಯವಾದದ್ದೇ: "ಕಾರ್ಡ್ ಇದ್ರೆ ಸರ್ಕಾರವೇ ಕೊಡ್ತದಲ್ರಿ, ಮತ್ಯಾಕೆ ಡಬ್ಬಿ?"

ಕೊಡುತ್ತೆ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಿಂದ ಇದೆ. ಈ ಭಾಗದ ಹಳ್ಳಿಗಳಲ್ಲಿ "ಕಿದ್ವಾಯಿಗೆ ಕರ್ಕೊಂಡು ಹೋದ್ರು" ಅಂದರೆ ಸಾಕು, ಕಾಯಿಲೆ ಯಾವುದೆಂದು ಯಾರೂ ಮತ್ತೆ ಕೇಳುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಯೋಜನೆಯ ದರದಲ್ಲಿ ನೂರಕ್ಕೆ 30 ಭಾಗ ಮಾತ್ರ ಸರ್ಕಾರದ್ದು. ಮುಖ್ಯಮಂತ್ರಿಗಳ ಪರಿಹಾರ ನಿಧಿ ಇದೆ, ಪ್ರಧಾನಿಗಳ ಪರಿಹಾರ ನಿಧಿ ಇದೆ. ಕ್ಯಾನ್ಸರ್ ರೋಗಿಗೂ ಜತೆಗೆ ಹೋಗುವವರಿಗೂ ರೈಲಿನ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಕಾಗದ ಬರೆಸಿಕೊಂಡು ಹೋಗಬೇಕು. ಈ ರಿಯಾಯಿತಿ ಇರುವುದೇ ಗೊತ್ತಿಲ್ಲದೆ ಬಸ್ಸಿಗೆ ಪೂರ್ತಿ ದುಡ್ಡು ತೆತ್ತು ಓಡಾಡುವವರು ಬೇಕಾದಷ್ಟು ಜನ.

ಇಷ್ಟೆಲ್ಲಾ ಇದ್ದೂ ಡಬ್ಬಿ ಯಾಕೆ? ಕಾರ್ಡು ಔಷಧಕ್ಕೆ ಕೊಡುತ್ತೆ, ಬದುಕಿಗೆ ಕೊಡುವುದಿಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ತಾಯಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಟಿಕೆಟ್, ದುಡ್ಡಿಲ್ಲ. ತಂದೆಗೆ ಇದೆ. ಹೋಗಲಿ, ತಂದೆ ಹೋಗದೆ ಕೂಲಿಗೆ ಹೋಗಲಿ ಅಂದರೆ, ಮಗುವನ್ನು ಎತ್ತಿಕೊಂಡು ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹುಡುಕುವ ತಾಯಿಗೆ ಫೈಲು ಹಿಡಿಯಲು ಮೂರನೆಯ ಕೈ ಇಲ್ಲ. ರಕ್ತ ಬೇಕು ಎಂದರೆ ಓಡಲು ಆಳಿಲ್ಲ. ಕಿಮೋ ಆದ ಮೇಲೆ ಮಗುವಿನ ಬಿಳಿಕಣ ಕುಸಿದಿರುತ್ತೆ. ಆಗ ಬರುವ ಜ್ವರ ನಾಳೆ ನೋಡೋಣ ಅನ್ನುವ ಜ್ವರವಲ್ಲ, ಗಂಟೆಗಳ ಲೆಕ್ಕ. ಹಾಗಾಗಿ ಎಷ್ಟೋ ಮನೆಯವರು ಆಸ್ಪತ್ರೆಗೆ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಹಿಡಿಯುತ್ತಾರೆ. ಬೆಂಗಳೂರಿನ ಬಾಡಿಗೆ, ಬೆಂಗಳೂರಿನ ಅಡ್ವಾನ್ಸು. ಹೊರಗಿನದ್ದು ತಿನ್ನಿಸುವಂತಿಲ್ಲ, ಕುದಿಸಿ ಆರಿಸಿದ ನೀರು, ಬಿಸಿ ಅನ್ನ, ಅದಕ್ಕೆ ಗ್ಯಾಸು, ಪಾತ್ರೆ. ನಮ್ಮ ಊರಿನ ಮಗು ಮಿರ್ಚಿ ಮಂಡಕ್ಕಿಗೆ ಹಠ ಹಿಡಿದರೆ ತಾಯಿ ಎರಡು ವರ್ಷ ಅದನ್ನು ಮರೆಸುತ್ತಾ ಇರಬೇಕು.

ಅತ್ತ ತಂದೆಯ ದಿನಗೂಲಿ ಹೋಯಿತು. ಎರಡು ವರ್ಷದ ದಿನಗೂಲಿಯನ್ನು ಯಾವ ಯೋಜನೆಯೂ ಕಟ್ಟಿಕೊಡುವುದಿಲ್ಲ. ಡಬ್ಬಿಯ ದುಡ್ಡು ಹೋಗುವುದು ಈ ತೂತಿಗೆ.

ಇನ್ನು ಡಬ್ಬಿಯ ಸ್ವಭಾವ ನೋಡಿ. ಮೊದಲ ತಿಂಗಳು ಊರೆಲ್ಲಾ ಕರಗುತ್ತೆ. ಗಣಪತಿ ಮಂಡಳಿಯ ಹುಡುಗರು ಒಂದಿಷ್ಟು ಎತ್ತುತ್ತಾರೆ, ಶಾಲೆಯಲ್ಲಿ ಮಾಸ್ತರರು ಒಂದಿಷ್ಟು, ಬಂಧುಬಳಗ ಒಂದಿಷ್ಟು. ಫೋನಿನಿಂದ ಫೋನಿಗೆ ಫೋಟೋ ಹೋಗುತ್ತೆ. ಆರನೆಯ ತಿಂಗಳಿಗೆ "ಇನ್ನೂ ಆಗಿಲ್ವಾ?" ಅನ್ನುತ್ತಾರೆ. ಒಂದು ವರ್ಷಕ್ಕೆ ಅದೇ ಮನುಷ್ಯ ಅದೇ ಅಂಗಡಿಗೆ ಬಂದರೆ, "ಹೋದ್ಸಲ ಕೊಟ್ಟೀವಲ್ಲಪ್ಪ!" ಎರಡನೆಯ ವರ್ಷ ಮಗುವಿನ ತಲೆ ತುಂಬ ಕೂದಲು ಬಂದಿರುತ್ತೆ. ಫೋಟೋದಲ್ಲಿರುವ ಮಗುವೇ ಇದು ಅಂತ ಯಾರೂ ನಂಬುವುದಿಲ್ಲ. ಗುಳಿಗೆ ಮಾತ್ರ ಇನ್ನೂ ಮುಗಿದಿಲ್ಲ. ಕಾಯಿಲೆ ಉದ್ದ ದೂರದ ಓಟ, ಡಬ್ಬಿ ನೂರು ಗಜಕ್ಕೇ ಏದುಸಿರು ಬಿಡುತ್ತೆ.

ಓಡಿದ ತಂದೆ

ಉದ್ದ ದೂರದ ಓಟ ಎಂಬುದು ಇಲ್ಲಿ ಬರೀ ಮಾತಿಗೆ ಹೇಳಿದ್ದಲ್ಲ. ನಿಜವಾಗಿಯೂ ಓಡಿದ ಒಬ್ಬ ತಂದೆ ಇದ್ದಾನೆ. ಊರು ನಮ್ಮದಲ್ಲ, ಅಮೆರಿಕದ ನ್ಯೂಯಾರ್ಕ್ ಕಡೆಯವನು. ಹೆಸರು ಬ್ರೂಸ್ ಕ್ಲೀಲ್ಯಾಂಡ್. 1986ರಲ್ಲಿ ಅವನ ಎರಡು ವರ್ಷದ ಮಗಳಿಗೆ ಲ್ಯುಕೇಮಿಯ ಎಂದು ಗೊತ್ತಾಯಿತು. ಅಲ್ಲಿ ಔಷಧ ಇತ್ತು, ಆಸ್ಪತ್ರೆ ಇತ್ತು. ಮಗು ಉಳಿಯಿತು. ಅಷ್ಟಕ್ಕೇ "ದೇವರು ಕಾಪಾಡಿದ" ಎಂದು ಮನೆಗೆ ಹೋಗಬಹುದಿತ್ತು. ಈ ಪುಣ್ಯಾತ್ಮ ಹೋಗಲಿಲ್ಲ. 1988ರಲ್ಲಿ 38 ಜನರ ಒಂದು ತಂಡ ಕಟ್ಟಿದ. ನ್ಯೂಯಾರ್ಕ್ ಮ್ಯಾರಥಾನ್ ಓಡುವುದು, ಓಡುವ ಹೆಸರಿನಲ್ಲಿ ಗುರುತಿನವರ ಹತ್ತಿರ ದೇಣಿಗೆ ಕೇಳುವುದು. ದೇಣಿಗೆ ತನ್ನ ಮಗಳಿಗಲ್ಲ, ಲ್ಯುಕೇಮಿಯ ಸೊಸೈಟಿಗೆ.

ಮ್ಯಾರಥಾನ್ ಅಂದರೆ 42 ಕಿಲೋಮೀಟರ್ 195 ಮೀಟರ್. ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರ್. ಹರಿಹರಕ್ಕೆ ಓಡಿ, ತಿರುಗಿ ದಾವಣಗೆರೆಗೆ ಓಡಿ ಬಂದು, ಮತ್ತೆ ಹರಿಹರಕ್ಕೆ ಓಡಿದರೆ ಲೆಕ್ಕ ಸರಿ. ನ್ಯೂಯಾರ್ಕಿನಲ್ಲಿ ಸ್ಟೇಟನ್ ದ್ವೀಪದ ದೊಡ್ಡ ಸೇತುವೆ ಬಳಿ ಶುರುವಾಗಿ ಊರಿನ ಐದೂ ಭಾಗ ಹಾದು ಸೆಂಟ್ರಲ್ ಪಾರ್ಕಿನಲ್ಲಿ ಮುಗಿಯುತ್ತೆ. ಆ ವರ್ಷ ಗೆದ್ದವನು ವೇಲ್ಸ್ ದೇಶದ ಸ್ಟೀವ್ ಜೋನ್ಸ್, 2 ಗಂಟೆ 8 ನಿಮಿಷದಲ್ಲಿ. ಹೆಂಗಸರಲ್ಲಿ ನಾರ್ವೆಯ ಗ್ರೇಟಾ ವೈಟ್ಸ್, ಅದು ಆಕೆಯ ಒಂಬತ್ತನೆಯ ಗೆಲುವು. ಕ್ಲೀಲ್ಯಾಂಡನ ತಂಡಕ್ಕೆ ಅಂಥ ಪದಕದ ಆಸೆ ಇರಲಿಲ್ಲ. ಅವರ ಗಂಟು ಬೇರೆಯೇ ಇತ್ತು: 3 ಲಕ್ಷ 22 ಸಾವಿರ ಡಾಲರ್. ಆಗ ಡಾಲರಿಗೆ ಸುಮಾರು 14 ರೂಪಾಯಿ, ಅಂದರೆ 45 ಲಕ್ಷ ರೂಪಾಯಿ. ತಲೆಗೆ 8,400 ಡಾಲರ್ ಮೇಲಾಯಿತು.

"ಓಡಿದ್ರೆ ರಕ್ತದ ಕಾಯಿಲೆ ವಾಸಿಯಾಗ್ತದೇನ್ರಿ?" ಎಂದು ಕೇಳುವವರು ಕೇಳಲಿ. ನಮ್ಮವರಿಗೆ ಈ ಲೆಕ್ಕ ಅಷ್ಟು ಹೊಸದಾಗಬಾರದು. ಮಗುವಿಗೆ ಜ್ವರ ಬಂದರೆ ಉಚ್ಚಂಗೆಮ್ಮನ ಗುಡ್ಡ ಹತ್ತುತ್ತೇನೆ ಅನ್ನುವುದು, ಧರ್ಮಸ್ಥಳಕ್ಕೆ ನಡೆದು ಬರುತ್ತೇನೆ ಅನ್ನುವುದು, ಉರುಳುಸೇವೆ ಮಾಡುತ್ತೇನೆ ಅನ್ನುವುದು, ಇದೆಲ್ಲಾ ಹರಕೆಯೇ. ಮೈ ದಣಿಸಿ ಕೇಳುವವನ ಮಾತಿಗೆ ತೂಕ ಹೆಚ್ಚು ಎಂಬುದು ಎಲ್ಲ ದೇಶದವರಿಗೂ ಗೊತ್ತಿರುವ ಸಂಗತಿ. ನಡೆಯುವವನ ಕೈಗೆ ಊರವರು ಮುಡಿಪು ಕೊಟ್ಟು ಕಳಿಸುವುದೂ ಇಲ್ಲಿ ಉಂಟು. ಅಲ್ಲಿಯ ಹರಕೆಯಲ್ಲಿ ಮುಡಿಪು ಹೋದದ್ದು ಪ್ರಯೋಗಾಲಯಕ್ಕೆ.

ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಆ ಓಟ ಒಂದು ವರ್ಷಕ್ಕೆ ಮುಗಿಯಲಿಲ್ಲ. ಮರುವರ್ಷ ಬೇರೆಯವರು ಓಡಿದರು, ಬೇರೆ ಊರುಗಳಲ್ಲಿ ಓಡಿದರು, ಸೈಕಲ್ ತುಳಿದರು, ಬೆಟ್ಟ ಹತ್ತಿದರು. ಮುಂದೆ ಲಕ್ಷಾಂತರ ಜನ ಸೇರಿ ಎತ್ತಿದ ಹಣ ನೂರು ಕೋಟಿ ಡಾಲರ್ ದಾಟಿತು. ಒಂದು ಮಗುವಿನ ಫೋಟೋ ಹಿಡಿದು ಕೇಳಿದ್ದರೆ ಆ ಮಗು ಗುಣವಾದ ದಿನವೇ ಡಬ್ಬಿ ಮುಚ್ಚುತ್ತಿತ್ತು.

ಮಗ ಹೋದ ಮನೆಯಿಂದ

ಆ ಸೊಸೈಟಿಯ ಹುಟ್ಟೂ ಒಂದು ಮನೆಯ ದುಃಖದಿಂದಲೇ. ನ್ಯೂಯಾರ್ಕಿನ ಡಿ ವಿಲಿಯರ್ಸ್ ದಂಪತಿಯ ಮಗ ಹದಿನಾರು ವರ್ಷಕ್ಕೆ, 1944ರಲ್ಲಿ, ಲ್ಯುಕೇಮಿಯದಿಂದ ಹೋದ. ಆಗ ಔಷಧವೇ ಇರಲಿಲ್ಲ. ತಂದೆ ತಾಯಿ 1949ರಲ್ಲಿ ಅವನ ಹೆಸರಿನಲ್ಲಿ ನಿಧಿ ಶುರು ಮಾಡಿದರು, ಅದೇ ಬೆಳೆದು ಸೊಸೈಟಿಯಾಯಿತು. ಇಂಗ್ಲೆಂಡಿನಲ್ಲೂ ಹೀಗೇ. ಮಿಡಲ್ಸ್‌ಬರೋ ಎಂಬ ಉಕ್ಕಿನ ಊರಿನಲ್ಲಿ ಆರು ವರ್ಷದ ಮಗಳನ್ನು ಕಳೆದುಕೊಂಡ ಈಸ್ಟ್‌ವುಡ್ ದಂಪತಿ ಎತ್ತಲು ತೊಡಗಿದ ಹಣವೇ 1960ರಲ್ಲಿ ಅಲ್ಲಿನ ಲ್ಯುಕೇಮಿಯ ಸಂಶೋಧನಾ ನಿಧಿಯಾಯಿತು.

ಕ್ರಿಕೆಟ್ ಪ್ರಿಯರಿಗೆ ಇಲ್ಲೊಂದು ನೆನಪು. ಇಯಾನ್ ಬಾಥಮ್ 1977ರಲ್ಲಿ ಕಾಲುನೋವಿಗೆ ಟಾಂಟನ್ ಊರಿನ ಆಸ್ಪತ್ರೆಗೆ ಹೋದಾಗ ಮಕ್ಕಳ ವಾರ್ಡು ಹಾದು ಹೋಗಬೇಕಾಯಿತು. ಅಲ್ಲಿ ಆಡುತ್ತಿದ್ದ ಕೆಲವು ಮಕ್ಕಳು ಲ್ಯುಕೇಮಿಯದವರು, ಹೆಚ್ಚು ದಿನ ಇರುವುದಿಲ್ಲ ಎಂದು ತಿಳಿದಾಗ ಆ ಗಟ್ಟಿ ಆಳು ಅಲ್ಲಾಡಿಹೋದ. 1985ರಲ್ಲಿ ಸ್ಕಾಟ್ಲೆಂಡಿನ ಉತ್ತರದ ತುದಿಯಿಂದ ಇಂಗ್ಲೆಂಡಿನ ದಕ್ಷಿಣದ ತುದಿಗೆ, ಸುಮಾರು 1,400 ಕಿಲೋಮೀಟರ್, ನಡೆದೇ ಹೋದ. ಎಂಟು ಲಕ್ಷ ಪೌಂಡಿಗೂ ಮೇಲೆ ಬಂತು. 1988ರಲ್ಲಿ ಆನೆಗಳನ್ನು ಕಟ್ಟಿಕೊಂಡು ಆಲ್ಪ್ಸ್ ಪರ್ವತ ದಾಟಿದ. ಆನೆ ಯಾಕೆ ಬೇಕಿತ್ತೋ ಅವನಿಗೇ ಗೊತ್ತು. ಪತ್ರಿಕೆಯವರಂತೂ ಕ್ಯಾಮೆರಾ ಹಿಡಿದು ಹಿಂದೆ ಬಿದ್ದರು, ದುಡ್ಡು ಬಂತು. ಅವನು ದುಡ್ಡು ಕೊಟ್ಟದ್ದು ಆ ಮಿಡಲ್ಸ್‌ಬರೋ ತಂದೆತಾಯಿ ಕಟ್ಟಿದ ನಿಧಿಗೆ.

ಇಷ್ಟು ದುಡ್ಡಿನಿಂದ ಆದದ್ದೇನು? ಒಂದೇ ಅಂಕಿ ಸಾಕು. 1962ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ ಬಾಗಿಲು ತೆರೆದಾಗ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೇಮಿಯದಿಂದ ಉಳಿಯುತ್ತಿದ್ದವರು ನೂರಕ್ಕೆ ನಾಲ್ಕು. ಒಳ್ಳೆಯ ಆಸ್ಪತ್ರೆಗಳಲ್ಲಿ ಅದೇ ಇಂದು ತೊಂಬತ್ತರ ಮೇಲೆ. ಆ ಆಸ್ಪತ್ರೆಯೂ ಊರೂರಿನಲ್ಲಿ ಎತ್ತಿದ ದೇಣಿಗೆಯಿಂದಲೇ ಕಟ್ಟಿದ್ದು.

ಈ ಕಥೆಯಲ್ಲಿ ನಮ್ಮ ಕಡೆಯ ಪಾಲೂ ಇದೆ. 1947-48ರಲ್ಲಿ ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಮೊಟ್ಟಮೊದಲು ಲ್ಯುಕೇಮಿಯದ ಮಕ್ಕಳಿಗೆ ಔಷಧ ಕೊಟ್ಟು ನೋಡಿದ. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಸ್ವಲ್ಪ ಕಾಲವಾದರೂ ಚೇತರಿಸಿಕೊಂಡವು. ಆ ಔಷಧ ತಯಾರಿಸಿಕೊಟ್ಟ ತಂಡದ ಯಜಮಾನ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಆ ಮನುಷ್ಯ ಅದೇ 1948ರಲ್ಲಿ ತೀರಿಹೋದರು. ಇವತ್ತಿಗೂ ಮಕ್ಕಳಿಗೆ ಕೊಡುವ ಮೆಥೋಟ್ರೆಕ್ಸೇಟ್ ಅದೇ ವಂಶದ್ದು. ಇನ್ನೊಂದು ಔಷಧ ವಿನ್‌ಕ್ರಿಸ್ಟಿನ್, 1963ರಿಂದ ಬಳಕೆಯಲ್ಲಿದೆ. ಅದನ್ನು ತೆಗೆಯುವುದು ನಮ್ಮ ಹಿತ್ತಲಲ್ಲಿ ಯಾರೂ ನೀರು ಹಾಕದಿದ್ದರೂ ಬೆಳೆದು ನಿಲ್ಲುವ ನಿತ್ಯಪುಷ್ಪದಿಂದ. ಕೆಲವರು ಕಾಶಿ ಕಣಗಿಲೆ ಅನ್ನುತ್ತಾರೆ. ಹಾಗೆಂದು ಎಲೆ ಅರೆದು ಮಗುವಿಗೆ ಕುಡಿಸಲು ಹೋಗಬೇಡಿ. ಗಿಡದಲ್ಲಿ ವಿಷವೂ ಇದೆ, ಅದು ಹದಕ್ಕೆ ಬರುವುದು ಕಾರ್ಖಾನೆಯಲ್ಲಿ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಇಮಾಟಿನಿಬ್ ಎಂಬ ಗುಳಿಗೆ. ದೊಡ್ಡವರಲ್ಲಿ ಕಾಣುವ ಒಂದು ಬಗೆಯ ಲ್ಯುಕೇಮಿಯಕ್ಕೆ 2001ರಲ್ಲಿ ಬಂತು, ಮುಂದೆ ಕೆಲವು ಮಕ್ಕಳಿಗೂ ಕೊಡತೊಡಗಿದರು. ಅದರ ಹಿಂದಿನ ಡಾಕ್ಟರ್ ಬ್ರಯಾನ್ ಡ್ರುಕರ್‌ಗೆ ಸಂಶೋಧನೆಗೆ ಹಣ ಕೊಟ್ಟವರಲ್ಲಿ ಓಟಗಾರರ ಆ ಸೊಸೈಟಿಯೂ ಒಂದು. ಔಷಧದ ಕಂಪನಿ ನಮ್ಮ ದೇಶದಲ್ಲಿ ಪೇಟೆಂಟ್ ಕೇಳಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕೊಡಲಾಗದು ಅಂತು. ಕಂಪನಿಯ ಗುಳಿಗೆಗೆ ತಿಂಗಳಿಗೆ ಲಕ್ಷಕ್ಕೂ ಮೇಲಿದ್ದಾಗ ಇಲ್ಲಿ ತಯಾರಾದ ಗುಳಿಗೆ ಅದರ ಹತ್ತನೆಯ ಒಂದು ಭಾಗದ ಆಸುಪಾಸಿಗೆ ಸಿಗುತ್ತಿತ್ತು. ಮ್ಯಾರಥಾನಿನಲ್ಲಿ ಬೆವರು ಸುರಿಸಿದವರು ಯಾರೋ, ಗುಳಿಗೆ ನುಂಗುವವರು ಯಾರೋ.

ಇಲ್ಲಿ ಏನು ಆಗುತ್ತಿದೆ?

ನಮ್ಮಲ್ಲೂ ಓಟ ಬಂದಿದೆ. ಮುಂಬಯಿ ಮ್ಯಾರಥಾನ್ 2004ರಲ್ಲಿ, ಬೆಂಗಳೂರಿನ 10 ಕಿಲೋಮೀಟರ್ ಓಟ 2008ರಲ್ಲಿ ಶುರುವಾದವು. ಎರಡರಲ್ಲೂ ಓಡುವವರು ಧರ್ಮಸಂಸ್ಥೆಗಳಿಗೆ ಹಣ ಎತ್ತುತ್ತಾರೆ. ಆದರೆ ಅದು ಬಹುಮಟ್ಟಿಗೆ ಕಂಪನಿ ನೌಕರರ, ದೊಡ್ಡ ಊರಿನ ಸಂಗತಿ. ಹೊನ್ನಾಳಿ, ಜಗಳೂರು ಕಡೆಯಿಂದ ಮಗುವನ್ನು ಎತ್ತಿಕೊಂಡು ಬರುವ ತಂದೆಗೆ ಬೆಳಗಿನಿಂದ ರಾತ್ರಿಯವರೆಗೆ ಓಟವೇ. ಅವನಿಗೆ ಬನಿಯನ್ನು ಹಾಕಿ, ಎದೆಗೆ ನಂಬರು ಕಟ್ಟಿ ಇನ್ನೊಮ್ಮೆ ಓಡು ಎಂದು ಹೇಳುವುದು ಅಪಹಾಸ್ಯ.

ಅವನಿಗೆ ಬೇಕಾದ್ದು ಹದಿನೆಂಟನೆಯ ತಿಂಗಳಲ್ಲೂ ಬರುವ ದುಡ್ಡು. ಅದಕ್ಕೆ ಬಸ್ಸಿನಲ್ಲಿ ಕೂಗುವ ಡಬ್ಬಿ ಸರಿಯಾದ ಪಾತ್ರೆಯೇ ಅಲ್ಲ. ಕೊಡುವವರ ಅನುಮಾನಕ್ಕೂ ಅದರಲ್ಲಿ ಉತ್ತರ ಇಲ್ಲ. ಅನುಮಾನ ಇದ್ದವರಿಗೆ ದಾರಿ ಇದೆ. ಕಾಗದದ ಮೇಲೆ ರೋಗಿಯ ನಂಬರು ಇರುತ್ತೆ, ಆಸ್ಪತ್ರೆಯ ಫೋನ್ ಇರುತ್ತೆ. ದೊಡ್ಡ ಆಸ್ಪತ್ರೆಗಳಲ್ಲಿ ಸಮಾಜ ಕಾರ್ಯಕರ್ತರೆಂದೇ ಇರುತ್ತಾರೆ, ಕೇಳಿದರೆ ಹೌದೋ ಅಲ್ಲವೋ ತಿಳಿಯುತ್ತೆ. ಚಿಕಿತ್ಸೆಯ ದುಡ್ಡಾದರೆ ಕೈಗೆ ಕೊಡದೆ ಆ ನಂಬರಿನ ಲೆಕ್ಕಕ್ಕೇ ಕಟ್ಟಬಹುದೇ ಎಂದೂ ಕೇಳಬಹುದು. ಹೀಗೆ ಕೇಳಿದರೆ ನಿಜವಾದ ತಂದೆ ಬೇಸರ ಮಾಡಿಕೊಳ್ಳುವುದಿಲ್ಲ. ಕಾಗದ ಮುಂದೆ ಹಿಡಿದು ಇನ್ನೊಂದು ನಂಬರೂ ಕೊಡುತ್ತಾನೆ. ಬೇಸರ ಮಾಡಿಕೊಂಡು ಮುಂದಿನ ಅಂಗಡಿಗೆ ಹೋಗುವವನು ಯಾರೆಂದು ಗಲ್ಲೆಯ ಮೇಲೆ ಕೂತವರಿಗೆ ಹೇಳಿಕೊಡಬೇಕಿಲ್ಲ.

ದುಡ್ಡಿಲ್ಲದವರು ಕೊಡಬಹುದಾದ್ದೂ ಒಂದಿದೆ, ರಕ್ತ. ಅದರಲ್ಲೂ ಪ್ಲೇಟ್‌ಲೆಟ್ ಎಂಬ ಕಣವನ್ನು ಐದು ದಿನಕ್ಕಿಂತ ಹೆಚ್ಚು ಸಾಮಾನ್ಯವಾಗಿ ಇಡುವಂತಿಲ್ಲ. ಹಬ್ಬದ ದಿನ ಶಿಬಿರ ಮಾಡಿ ಐವತ್ತು ಜನ ಒಟ್ಟಿಗೆ ಕೊಟ್ಟು ಫೋಟೋ ತೆಗೆಸಿಕೊಂಡರೆ ಮುಂದಿನ ತಿಂಗಳ ಮಗುವಿಗೆ ಆ ಪ್ಲೇಟ್‌ಲೆಟ್ ಉಳಿದಿರುವುದಿಲ್ಲ. ಸರದಿಯ ಮೇಲೆ ತಿಂಗಳಿಗೆ ನಾಲ್ಕು ಜನ ಬಂದರೆ ಅದರ ಬೆಲೆಯೇ ಬೇರೆ.

ಇನ್ನು ಸರದಿಯ ಮೇಲೆ ಕೊಡುವುದು ಈ ಊರಿನ ಪೇಟೆಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಮಂಡಿಗಳಲ್ಲಿ ಹಿಂದಿನವರು ಧರ್ಮಾದಾಯ ಎಂದು ಚೀಲಕ್ಕೆ ಇಷ್ಟು ಪೈಸೆ ಹಿಡಿಯುತ್ತಿದ್ದರು. ಚೀಟಿಯ ಕೊನೆಯ ಸಾಲಿನಲ್ಲಿ ಅದೊಂದು ಸಣ್ಣ ಅಂಕಿ. ರೈತನಿಗೂ ಭಾರವಲ್ಲ, ವರ್ತಕನಿಗೂ ಭಾರವಲ್ಲ. ಮಳೆ ಬಂದ ವರ್ಷವೂ ಬಂತು, ಬರದ ವರ್ಷವೂ ಅಷ್ಟಿಷ್ಟು ಬಂತು. ಛತ್ರ, ಅನ್ನದಾನ, ಶಾಲೆ ಎಂದು ಎಷ್ಟೋ ಊರುಗಳಲ್ಲಿ ಅದರಿಂದ ನಡೆದದ್ದು ಹಿರಿಯ ವರ್ತಕರಿಗೆ ನೆನಪಿದೆ. ಯಾರ ಫೋಟೋವನ್ನೂ ಆ ಚೀಟಿಗೆ ಅಂಟಿಸಿರಲಿಲ್ಲ.

ರಾತ್ರಿ ಹತ್ತು ಗಂಟೆ ಮೇಲೆ ಪಿ.ಬಿ. ರಸ್ತೆಯಿಂದ ಬೆಂಗಳೂರಿನ ಬಸ್ಸುಗಳು ಒಂದರ ಹಿಂದೆ ಒಂದು ಹೊರಡುತ್ತವೆ. ಬೆಳಗಿನ ಜಾವಕ್ಕೆ ಮೆಜೆಸ್ಟಿಕ್, ಅಲ್ಲಿಂದ ಹೊಸೂರು ರಸ್ತೆಯ ಕಡೆಗೆ ಸಿಟಿ ಬಸ್ಸು, ಹೊರರೋಗಿಗಳ ಸಾಲು. ಚೀಟಿ ಮಾಡಿಸುವ ಕಿಟಕಿ ತೆರೆಯುವ ಮೊದಲೇ ಹೋಗಿ ನಿಂತರೆ ಸಂಜೆಯ ಬಸ್ಸಿಗೆ ಊರಿಗೆ ಹಿಂತಿರುಗಬಹುದು. ಇಲ್ಲದಿದ್ದರೆ ಇನ್ನೊಂದು ದಿನದ ಕೂಲಿ ಹೋಯಿತು.